ಅಂಕಿತ ಮತ್ತು ಅಲಗು: ಜಪಾನಿನ ಪ್ರಾಚೀನ ಖಡ್ಗಗಳ ಕರ್ತೃನಿರ್ಣಯ

ಜಪಾನಿನ ಪ್ರಾಚೀನ ಖಡ್ಗಗಳನ್ನು ಸಂಗ್ರಹಿಸುವವರಿಗೆ ಎದುರಾಗುವ ಮೊದಲ ಪ್ರಶ್ನೆ ಇದು: ಈ ಅಲಗನ್ನು ಬಡಿದವನು ಯಾರು? ಉತ್ತರವು ಅಲಗಿನ ಮೇಲೆಯೇ ಬರೆದಿರುವಂತೆ ತೋರುತ್ತದೆ. ಹಿಡಿಯನ್ನು ಕಳಚಿದರೆ ಅದರೊಳಗೆ ಅಡಗಿದ್ದ ಉಕ್ಕಿನ ಬಾಲ ಕಾಣುತ್ತದೆ. ಜಪಾನೀಯರು ಅದನ್ನು ನಕಾಗೊ ಎನ್ನುತ್ತಾರೆ. ಅದರ ಮೇಲೆ ಉಳಿಯಿಂದ ಕೊರೆದ ಕಮ್ಮಾರನ ಹೆಸರು, ಕೆಲವೊಮ್ಮೆ ಊರು, ತಿಂಗಳು, ವರ್ಷ. ಹೆಸರನ್ನು ಓದಿದರೆ ಕೆಲಸ ಮುಗಿಯಿತೆಂದು ಹೊಸ ಸಂಗ್ರಾಹಕನು ಭಾವಿಸುವುದು ಸಹಜ. ಕಾನ್‌ತೇಯಿ ಎಂದು ಹೆಸರಾದ ಅಲ್ಲಿಯ ಖಡ್ಗಪರೀಕ್ಷೆಯ ಪರಂಪರೆಯಾದರೋ ಅಲಗನ್ನು ಮೊದಲು, ಅಂಕಿತವನ್ನು ಕಡೆಗೆ ನೋಡಬೇಕೆಂದು ವಿಧಿಸುತ್ತದೆ. ಈ ಕ್ರಮ ಯುಕ್ತವಾದುದೆಂಬುದೂ, ಅದನ್ನು ಬೋಧಿಸಿದ ಪರಂಪರೆಯೇ ಕೆಲವೆಡೆ ಅದನ್ನು ಮೀರಿದೆಯೆಂಬುದೂ ನಮ್ಮ ಅಭಿಪ್ರಾಯ. ವಚನಗಳ ಕರ್ತೃತ್ವವನ್ನು ಅಂಕಿತವೊಂದರಿಂದಲೇ ನಿರ್ಣಯಿಸುವುದರ ತೊಡಕನ್ನು ಬಲ್ಲ ನಮ್ಮ ಓದುಗರಿಗೆ ಈ ವಿಚಾರ ತೀರ ಅಪರಿಚಿತವೆನಿಸಲಾರದು.

ಪರೀಕ್ಷಕನು ಮೊದಲು ಅಲಗನ್ನು ನೆಟ್ಟಗೆ ಎತ್ತಿ ಹಿಡಿದು ಅದರ ಆಕಾರವನ್ನು ನೋಡುತ್ತಾನೆ. ಆಕಾರವು ಕಾಲವನ್ನು ಹೇಳುತ್ತದೆ. ಕುದುರೆಯೇರಿದ ಯೋಧನು ಧಾರೆ ಕೆಳಮುಖವಾಗುವಂತೆ ಸೊಂಟದಿಂದ ತೂಗಹಾಕಿಕೊಳ್ಳುತ್ತಿದ್ದ ‘ತಾಚಿ’ ಉದ್ದವಾಗಿ, ಆಳವಾಗಿ ಬಾಗಿರುತ್ತದೆ. 14ನೆಯ ಶತಮಾನದ ನಡುವಿನಲ್ಲಿ ಅಲಗುಗಳು ಅತಿ ನೀಳವೂ ಅಗಲವೂ ಆದವು. ಮುಂದೆ ಕಾಲಾಳುಗಳ ಯುದ್ಧ ಹೆಚ್ಚಿದಂತೆ, ಧಾರೆ ಮೇಲ್ಮುಖವಾಗುವಂತೆ ನಡುಕಟ್ಟಿಗೆ ಸಿಕ್ಕಿಸಿಕೊಳ್ಳುವ, ಗಿಡ್ಡನೆಯ ‘ಕತಾನ’ ಪ್ರಚಾರಕ್ಕೆ ಬಂದಿತು. ಆಕಾರದ ಬಳಿಕ ಉಕ್ಕಿನ ಮೈ. ಉಕ್ಕನ್ನು ಮತ್ತೆ ಮತ್ತೆ ಮಡಿಸಿ ಬಡಿದುದರಿಂದ ಮೈಮೇಲೆ ಮರದ ಎಳೆಯಂಥ ವಿನ್ಯಾಸ ಮೂಡಿರುತ್ತದೆ. ಯಾಮಾತೊ ಪ್ರಾಂತದ ಕೆಲಸದಲ್ಲಿ ಅದು ನೇರವಾದ ಎಳೆಗಳತ್ತ ಒಲಿಯುತ್ತದೆ, ಬಿಜೆನ್ ಪ್ರಾಂತದ ಹಳೆಯ ಅಲಗುಗಳಲ್ಲಿ ಮೈಯ ಮೇಲೆ ಮಂಜಿನ ನೆರಳಿನಂಥ ‘ಉತ್ಸುರಿ’ ತೇಲುತ್ತದೆ. ಕಡೆಗೆ ಹದದ ರೇಖೆ. ಅಲಗಿಗೆ ಜೇಡಿಮಣ್ಣು ಬಳಿದು, ಧಾರೆಯ ಬಳಿ ಆ ಲೇಪವನ್ನು ತೆಳುಮಾಡಿ, ಕಾಯಿಸಿ ನೀರಿಗದ್ದಿದಾಗ ಧಾರೆಯ ಉಕ್ಕು ಮಾತ್ರ ಅತಿ ಗಡುಸಾಗುತ್ತದೆ. ಗಡುಸು ಭಾಗದ ಅಂಚು ಬೆಳ್ಳಗೆ ಕಾಣುವುದೇ ‘ಹಾಮೊನ್’. ಅದರಲ್ಲಿ ಬರಿಗಣ್ಣಿಗೆ ಬಿಡಿಬಿಡಿಯಾಗಿ ಹೊಳೆಯುವ ಕಣಗಳಿದ್ದರೆ ‘ನಿಯೆ’, ಬಿಡಿಸಿ ಕಾಣದ ಹಾಲುಮಬ್ಬಿನಂತಿದ್ದರೆ ‘ನಿಯೊಯಿ’. ಸಗಾಮಿಯ ಕಮ್ಮಾರರ ಹೆಗ್ಗಳಿಕೆ ಮೊದಲನೆಯದರಲ್ಲಿ, ಬಿಜೆನ್ನಿನವರದು ಬಹುಮಟ್ಟಿಗೆ ಎರಡನೆಯದರಲ್ಲಿ.

ಈ ಶಿಕ್ಷಣಕ್ಕೆ ಅವರು ಕಂಡುಕೊಂಡ ಉಪಾಯ ಮೆಚ್ಚತಕ್ಕದ್ದು. ನಕಾಗೊವನ್ನು ಮುಚ್ಚಿ ಅಲಗನ್ನು ಅಭ್ಯಾಸಿಗಳ ಮುಂದಿಡುತ್ತಾರೆ. ಪ್ರತಿಯೊಬ್ಬನೂ ಕರ್ತೃವಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಡಬೇಕು. ಸರಿಯಾಗಿದ್ದರೆ ‘ಅತಾರಿ’, ಗುರುವನ್ನೋ ಅದೇ ಮನೆತನದ ಮತ್ತೊಬ್ಬನನ್ನೋ ಹೆಸರಿಸಿದ್ದರೆ ‘ದೋಜೆನ್’, ಅಂದರೆ ಸರಿಯಾದುದಕ್ಕೆ ಸಮ, ತಪ್ಪಿದರೆ ‘ಇಯಾ’. ಗುರುವನ್ನೂ ಶಿಷ್ಯನನ್ನೂ ಅಲಗಿನಿಂದಲೇ ಬೇರ್ಪಡಿಸುವುದು ಅನೇಕ ವೇಳೆ ಸಾಧ್ಯವಿಲ್ಲವೆಂಬ ವಿವೇಕ ‘ದೋಜೆನ್’ ಎಂಬ ಒಂದು ಮಾತಿನಲ್ಲಿ ಅಡಗಿದೆ. ನಮ್ಮ ಸಾಹಿತ್ಯಚರಿತ್ರಕಾರರಿಗೂ ಇಂಥದೊಂದು ಮಾತು ಇದ್ದಿದ್ದರೆ ಎಷ್ಟೋ ವಾದಗಳು ಉಳಿಯುತ್ತಿದ್ದವು.

ಅಂಕಿತವನ್ನು ನೋಡುವಾಗಲೂ ಹೆಸರಿಗಿಂತ ಅದರ ಸುತ್ತಣ ಸಾಕ್ಷ್ಯ ಮುಖ್ಯ: ಕಿಲುಬಿನ ಬಣ್ಣ, ಅರದ ಗೀರುಗಳ ಓರೆ, ಗೂಟದ ರಂಧ್ರಗಳ ಸಂಖ್ಯೆ. ಶತಮಾನಗಳ ಕಿಲುಬು ಕಪ್ಪಾಗಿ ನುಣುಪಾಗಿ ಕೂತಿರುತ್ತದೆ. ಅದನ್ನು ಉಜ್ಜಿ ತೆಗೆದವನು ತನ್ನ ಅಲಗಿನ ಜನ್ಮಪತ್ರವನ್ನೇ ಹರಿದಂತೆ. ಧರಿಸಿದಾಗ ಹೊರಮುಖವಾಗುವ ಪಕ್ಕದಲ್ಲಿ ಹೆಸರನ್ನು ಕೊರೆಯುವುದು ವಾಡಿಕೆಯಾದುದರಿಂದ, ತಾಚಿಗೂ ಕತಾನಕ್ಕೂ ಅಂಕಿತದ ಪಕ್ಕ ಬೇರೆ. ಈ ನಿಯಮಕ್ಕೂ ಅಪವಾದವುಂಟು: ಹಿಜೆನ್ ಪ್ರಾಂತದ ತದಯೊಶಿಯ ಮನೆತನದವರು ತಮ್ಮ ಕತಾನಗಳಿಗೂ ತಾಚಿಯ ಪಕ್ಕದಲ್ಲಿಯೇ ಹೆಸರು ಹಾಕಿದರು. ಅಂಕಿತವಿಲ್ಲದಿರುವುದೂ ದೋಷವಲ್ಲ. ಯಾಮಾತೊದ ದೇವಾಲಯಗಳ ಆಶ್ರಯದಲ್ಲಿ ದುಡಿದ ಕಮ್ಮಾರರು ಅನೇಕ ವೇಳೆ ಹೆಸರನ್ನೇ ಕೊರೆಯಲಿಲ್ಲ. ನಾವು ಶಾಸನಗಳ ಅಚ್ಚು ತೆಗೆಯುವಂತೆ ಅವರು ನಕಾಗೊವಿನ ಮೇಲೆ ಕಾಗದವಿಟ್ಟು ಮಸಿಯುಜ್ಜಿ ‘ಓಶಿಗಾತ’ ತೆಗೆಯುತ್ತಾರೆ. ಒಬ್ಬನೇ ಕಮ್ಮಾರನ ಹತ್ತಾರು ಅಂಕಿತಗಳನ್ನು ಹೀಗೆ ಒಟ್ಟಿಗಿಟ್ಟು ಉಳಿಯ ಪೆಟ್ಟುಗಳನ್ನು ಹೋಲಿಸಬಹುದು.

ತೊಡಕು ಪ್ರಾರಂಭವಾಗುವುದು ಮೊಟಕುಮಾಡಿದ ಅಲಗುಗಳಲ್ಲಿ. ನೀಳವಾದ ಹಳೆಯ ತಾಚಿಗಳನ್ನು ಮುಂದಿನವರು ತಮ್ಮ ಬಳಕೆಗೆ ಒಗ್ಗುವಂತೆ ಬುಡದ ಕಡೆಯಿಂದ ಕತ್ತರಿಸಿದರು. ನಕಾಗೊವಿನೊಡನೆ ಅಂಕಿತವೂ ಹೋಯಿತು. ಕೆಲವರು ಅಂಕಿತದ ತುಂಡನ್ನು ಮಡಿಸಿ ಉಳಿಸಿದರು, ಕೆಲವರು ಅದನ್ನು ಕತ್ತರಿಸಿ ಹೊಸ ನಕಾಗೊವಿನಲ್ಲಿ ಕೂರಿಸಿದರು, ಬಹುಪಾಲು ನಷ್ಟವಾಯಿತು. ಹೀಗೆ ಅನಾಮಿಕವಾದ ಅಲಗುಗಳಿಗೆ ಕರ್ತೃವನ್ನು ಹೇಳುವ ಅಧಿಕಾರ ತೊಯೊತೊಮಿ ಹಿದೆಯೊಶಿಯ ಕಾಲದಿಂದ, ಅಂದರೆ 16ನೆಯ ಶತಮಾನದ ಕಡೆಯಿಂದ, ಹೊನಾಮಿ ಮನೆತನಕ್ಕೆ ಸೇರಿತು. ವೃತ್ತಿಯಿಂದ ಅವರು ಖಡ್ಗಗಳನ್ನು ಸಾಣೆಹಿಡಿಯುವವರೂ ಪರೀಕ್ಷಿಸುವವರೂ ಆಗಿದ್ದರು. ತಮ್ಮ ನಿರ್ಣಯವನ್ನು ಅವರು ನಕಾಗೊವಿನಲ್ಲಿ ಚಿನ್ನದ ಅಕ್ಷರಗಳಲ್ಲಿ ಕೂರಿಸಿದರು. ‘ಒರಿಗಾಮಿ’ ಎಂಬ ಮಡಿಸಿದ ಪತ್ರದಲ್ಲಿ ಕರ್ತೃವಿನ ಹೆಸರಿನ ಜೊತೆಗೆ ಬೆಲೆಯನ್ನೂ ನಮೂದಿಸಿದರು. ಒಂದೇ ಕೈಯಿಂದ ಕರ್ತೃತ್ವವೂ ಬೆಲೆಯೂ ಹೊರಟಾಗ ಮೊದಲನೆಯದು ಎರಡನೆಯದರ ಸೆಳೆತಕ್ಕೆ ಸಿಕ್ಕದಿರುವುದು ಕಷ್ಟ. ಪ್ರಭುಗಳು ಪರಸ್ಪರ ಕಾಣಿಕೆಯಾಗಿಯೂ ಸೇವೆಗೆ ಉಡುಗೊರೆಯಾಗಿಯೂ ಖಡ್ಗಗಳನ್ನು ಕೊಡುತ್ತಿದ್ದ ಕಾಲವದು. ದೊಡ್ಡ ಹೆಸರುಗಳಿಗೆ ಬೇಡಿಕೆಯಿತ್ತು.

ಆ ಹೆಸರುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮಸಮುನೆ. 14ನೆಯ ಶತಮಾನದ ಆದಿಭಾಗದಲ್ಲಿ ಸಗಾಮಿಯ ಕಮಕುರದಲ್ಲಿ ದುಡಿದ ಈತನ ಅಂಕಿತವುಳ್ಳವೆಂದು ಒಪ್ಪಿರುವ ಅಲಗುಗಳು ಬೆರಳೆಣಿಕೆಯ ಸಣ್ಣ ಕಠಾರಿಗಳು ಮಾತ್ರ. ಉಳಿದ ಪ್ರಸಿದ್ಧ ಮಸಮುನೆಗಳೆಲ್ಲ ಅನಾಮಿಕ ಅಲಗುಗಳು, ಪರೀಕ್ಷಕರ ಮಾತಿನಿಂದ ಮಸಮುನೆಯಾದುವು. 1719ರಲ್ಲಿ ಶೋಗುನ್ ತೊಕುಗಾವ ಯೊಶಿಮುನೆಯ ಅಪ್ಪಣೆಯಂತೆ ಹೊನಾಮಿಯವರು ಸಿದ್ಧಪಡಿಸಿದ ವಿಖ್ಯಾತ ಖಡ್ಗಗಳ ಪಟ್ಟಿಯಲ್ಲಿ ಈತನಿಗೆ ದೊಡ್ಡ ಪಾಲು. ಈ ವೈಚಿತ್ರ್ಯವನ್ನು ಹಿಡಿದು 1896ರಲ್ಲಿ ಇಮಮುರ ಚೋಗ ಎಂಬ ಪರಿಣತನು, ಮಸಮುನೆಯ ಕೀರ್ತಿ ಹಿದೆಯೊಶಿಯ ಆಸ್ಥಾನವೂ ಹೊನಾಮಿಯವರೂ ಸೇರಿ ಕಟ್ಟಿದ್ದೆಂದು ಪತ್ರಿಕೆಯಲ್ಲಿ ವಾದಿಸಿದನು. ದೊಡ್ಡ ಕೋಲಾಹಲವೇ ಆಯಿತು.

ಇಮಮುರನ ವಾದದ ಒಂದು ಭಾಗ ನಿಲ್ಲುವುದಿಲ್ಲ. ತೊಕಿಯೊದ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ, 1423ರಲ್ಲಿ ಪ್ರತಿಮಾಡಿದ ಕಾನ್‌ಚಿಇನ್ ಹಸ್ತಪ್ರತಿಯು ಖಡ್ಗಕಾರರ ಅಂಕಿತಗಳ ಅತ್ಯಂತ ಹಳೆಯ ಪುಸ್ತಕ. ಅದರ ವಿಷಯ 14ನೆಯ ಶತಮಾನದ ಆದಿಭಾಗದವರೆಗೆ ಹಿಂದಕ್ಕೆ ಹೋಗುತ್ತದೆ. ಸಗಾಮಿಯ ಕಮ್ಮಾರರ ನಡುವೆ ಮಸಮುನೆಯ ಹೆಸರು ಅಲ್ಲಿ ಬರುತ್ತದೆ. ಹಿದೆಯೊಶಿಗೆ ಒಂದೂವರೆ ಶತಮಾನಕ್ಕೂ ಹಿಂದಿನ ಈ ಸಾಕ್ಷ್ಯದಿಂದ ಮಸಮುನೆ ಎಂಬ ಕಮ್ಮಾರನಿದ್ದನೆಂಬುದು ಸ್ಥಿರಪಡುತ್ತದೆ. ಈತನಿದ್ದನೆಂಬ ಮಾತು ಬೇರೆ, ಈ ಅಲಗು ಈತನದೆಂಬ ಮಾತು ಬೇರೆ. ಇಮಮುರನನ್ನು ಖಂಡಿಸಿದವರು ಮೊದಲನೆಯದನ್ನು ಸಾಧಿಸಿ ಎರಡನೆಯದನ್ನೂ ಗೆದ್ದೆವೆಂದು ಭಾವಿಸಿದಂತೆ ಕಾಣುತ್ತದೆ. ಅನಾಮಿಕ ಅಲಗಿನ ಮೇಲೆ ಮಸಮುನೆಯ ಹೆಸರನ್ನು ಇರಿಸಿದಾಗ, ಅದನ್ನು ‘ಸಗಾಮಿ ಸಂಪ್ರದಾಯದ ಅತ್ಯುತ್ತಮ ದರ್ಜೆ’ ಎಂಬ ಗುಣನಿರ್ಣಯವಾಗಿ ಓದುವುದು ಕ್ಷೇಮವೆಂದು ನಾವು ತಿಳಿಯುತ್ತೇವೆ. ಎತ್ಚೂ ಪ್ರಾಂತದ ಗೊ ಯೊಶಿಹಿರೊವಿನದಂತೂ ನಂಬತಕ್ಕ ಅಂಕಿತ ಒಂದೂ ಉಳಿದಿಲ್ಲ. ಗೊವನ್ನೂ ದೆವ್ವವನ್ನೂ ಕಂಡವರಿಲ್ಲವೆಂದು ಜಪಾನೀಯರೇ ನಗೆಯಾಡುತ್ತಾರೆ. ಹೆಸರಿನ ಹಿಂದೆ ‘ದೆನ್’, ಅಂದರೆ ‘ಎಂದು ಪರಂಪರೆ’, ಎಂದು ಸೇರಿಸುವ ಪದ್ಧತಿ ಅವರಲ್ಲಿಯೇ ಇದೆ. ಅದನ್ನು ಇನ್ನೂ ಧಾರಾಳವಾಗಿ ಬಳಸಿದ್ದರೆ ಒಳ್ಳೆಯದಿತ್ತು.

ಹುಸಿ ಅಂಕಿತಗಳ ಕಥೆ ಇದಕ್ಕಿಂತ ಸರಳ, ಆದರೆ ಹೆಚ್ಚು ಸ್ವಾರಸ್ಯದ್ದು. 17ನೆಯ ಶತಮಾನದ ಎದೊ ಪಟ್ಟಣದಲ್ಲಿ ಕವಚದ ಕಸುಬನ್ನು ಬಿಟ್ಟು ಖಡ್ಗದ ಕಸುಬಿಗೆ ಬಂದ ನಗಸೊನೆ ಕೊತೆತ್ಸುವಿನ ಹೆಸರು ಎಷ್ಟು ಅಲಗುಗಳ ಮೇಲೆ ಹುಸಿಯಾಗಿ ಕೂತಿದೆಯೆಂದರೆ, ಕೊತೆತ್ಸು ಕಂಡರೆ ಹುಸಿಯೆಂದೇ ತಿಳಿ ಎಂಬುದು ಅಲ್ಲಿ ರೂಢಿಯ ಮಾತಾಗಿದೆ. ಇಂಥ ಹುಸಿಗಾರರಲ್ಲಿ ಅಗ್ರಗಣ್ಯನು 19ನೆಯ ಶತಮಾನದ ಕಜಿಹೆಯಿ. ಸ್ವತಃ ಸಮರ್ಥನಾದ ಕಮ್ಮಾರ. ತನ್ನ ಹೆಸರಿಗೆ ಬೆಲೆಯಿಲ್ಲದಿರಲು ಕೊತೆತ್ಸುವಿನಂಥವರ ಹೆಸರನ್ನು ಕೊರೆದನು. ತಾನು ಕೊರೆದ ಹುಸಿ ಅಂಕಿತಗಳ ಓಶಿಗಾತಗಳ ಪುಸ್ತಕವೊಂದನ್ನೂ ಉಳಿಸಿಹೋದನು. ಪರೀಕ್ಷಕರು ಇಂದು ಅವನ ಕೈಯನ್ನು ಗುರುತಿಸುವುದು ಅವನ ಪುಸ್ತಕದಿಂದಲೇ.

ಈಗಿನ ಸಂಗ್ರಾಹಕನ ಕೈಗೆ ಬರುವ ಪತ್ರಗಳು ಎರಡು ಬಗೆಯವು. ಅವುಗಳನ್ನು ಒಂದೆಂದು ತಿಳಿಯುವವರು ಬಹಳ. ಜಪಾನಿನ ಪ್ರಾಂತೀಯ ಶಿಕ್ಷಣ ಮಂಡಲಿ ಕೊಡುವ ನೋಂದಣಿಪತ್ರದಲ್ಲಿ ಉದ್ದ, ಬಾಗು, ರಂಧ್ರಗಳ ಸಂಖ್ಯೆ, ಕಂಡಂತೆ ಅಂಕಿತ ಇಷ್ಟು ಇರುತ್ತವೆ. ಅಂಕಿತ ಸಾಚಾ ಎಂಬ ಮಾತು ಅದರಲ್ಲಿಲ್ಲ. 1948ರಲ್ಲಿ ಸ್ಥಾಪಿತವಾದ ಖಡ್ಗಕಲಾ ಸಂರಕ್ಷಣ ಸಂಘದ ಪತ್ರ ಬೇರೆ: ಅದು ಪರಿಣತರ ಅಭಿಪ್ರಾಯ. ಹುಸಿಯೆಂದು ಕಂಡ ಅಂಕಿತವಿರುವ ಅಲಗಿಗೆ ಆ ಸಂಘ ಪತ್ರ ಕೊಡುವುದಿಲ್ಲ. ಈ ನಿಯಮ ನ್ಯಾಯವಾದುದೇ ಆದರೂ ಅದರ ಫಲ ವಿಪರೀತವಾಗಿದೆ. ಅಲಗಿನ ಒಡೆಯನು ಅಂಕಿತವನ್ನು ಅರದಿಂದ ಸವೆಯಿಸಿ, ಅನಾಮಿಕವೆಂದು ಮತ್ತೆ ಒಪ್ಪಿಸಿ, ಉತ್ತಮ ಹೆಸರೊಂದನ್ನು ಪಡೆಯಲು ಹೊರಡುತ್ತಾನೆ. ಸವೆಯಿಸಿದ ಜಾಗದ ಕಿಲುಬಿನಲ್ಲಿ ಆ ಅಲಗಿನ ಇತಿಹಾಸದ ಒಂದು ಅಧ್ಯಾಯವಿತ್ತು: ಯಾರೋ, ಯಾವುದೋ ಕಾಲದಲ್ಲಿ, ಯಾವುದೋ ಹೆಸರಿಗೆ ಬೆಲೆ ಬಂದಾಗ ಅದನ್ನು ಕೊರೆದಿದ್ದನು. ಇಂದಿನ ತೀರ್ಪೇ ಮುಂದೆ ತಿದ್ದುಪಡಿಯಾಗಿ ಅಂಕಿತ ಸಾಚಾ ಎಂದು ತೋರಿಬಂದರೂ ಅದನ್ನು ಮರಳಿ ತರುವ ಮಾರ್ಗವಿಲ್ಲ. ಹುಸಿ ಅಂಕಿತವುಳ್ಳ ಅಲಗನ್ನು ಇದ್ದಂತೆಯೇ ಇರಿಸಿ, ‘ಅಂಕಿತ ಸಂದಿಗ್ಧ, ಕೆಲಸ ಇಂಥ ಸಂಪ್ರದಾಯದ್ದು’ ಎಂದು ಬರೆದುಕೊಡುವ ಪತ್ರವೊಂದನ್ನು ಸಂಘವು ಜಾರಿಗೆ ತಂದಲ್ಲಿ ಈ ಅರದ ಕೆಲಸಕ್ಕೆ ಕಾರಣವೇ ಉಳಿಯುತ್ತಿರಲಿಲ್ಲ.