ಅಗಲ ಬಾಯಿಯ ಮಲಿಕ್-ಎ-ಮೈದಾನ್

ಆಳಂದದಿಂದ ಅಫಜಲಪುರ, ಸಿಂದಗಿ ದಾಟಿ ವಿಜಯಪುರಕ್ಕೆ ಹೋದವರು ಗೋಳಗುಮ್ಮಟವನ್ನಷ್ಟೇ ನೋಡಿ ಮರಳಬಾರದು. ಅಲ್ಲಿನ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕೂತಿದೆ. 1549ರಲ್ಲಿ ಅಹ್ಮದನಗರದಲ್ಲಿ ಎರಕಗಾರ ಮುಹಮ್ಮದ್ ರೂಮಿ ಇದನ್ನು ಹೊಯ್ದ. ಉದ್ದ ಸುಮಾರು 14 ಅಡಿ, ತೂಕ ಸುಮಾರು 55 ಟನ್. ಬಾಯಿಯ ಒಳ ಅಗಲವೇ 2 ಅಡಿಗೂ ಮಿಕ್ಕಿದ್ದು!

ಬಾಯಿ ಅಗಲವಾದಷ್ಟೂ ಗುಂಡು ಭಾರ, ಮದ್ದು ಹೆಚ್ಚು, ಕೊಳವೆಯ ಗೋಡೆಗೆ ಬೀಳುವ ಒತ್ತಡವೂ ಹೆಚ್ಚು. ಅದಕ್ಕೆಂದೇ ತಾಮ್ರ-ತವರ ಬೆರೆತ ಲೋಹದ ಅಷ್ಟು ದಪ್ಪ ಗೋಡೆ. ಇಂಥ ಭಾರದ ಲೆಕ್ಕದ ನಡುವೆಯೂ ರೂಮಿ ಅಂದವನ್ನು ಮರೆಯಲಿಲ್ಲ: ತೋಪಿನ ಬಾಯಿಯೇ ಸಿಂಹದ ತೆರೆದ ದವಡೆ, ಅದರ ಹಲ್ಲಿಗೆ ಸಿಕ್ಕ ಆನೆ. 1854ರಲ್ಲಿ ಬರೀ 150 ರೂಪಾಯಿಗೆ ಹರಾಜಾಗಿ, ಮಾರಾಟ ರದ್ದಾಗಿ ಇದು ಉಳಿಯಿತು. ಆ ಕೈಚಳಕಕ್ಕೆ ಬೆಲೆ ಕಟ್ಟಲಾಗದು.