ಹೇರುವುದಿಲ್ಲ ಎಂಬ ಭರವಸೆ

ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಂಬ ನಾಲ್ಕು ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. ನಾಯಕತ್ವದ ಪ್ರಶ್ನೆ ಅಂದು ಎಲ್ಲಕ್ಕಿಂತ ಕಗ್ಗಂಟಾಗಿತ್ತು. ಬಿಷಪರ ಹಸ್ತದಿಂದ ದೀಕ್ಷೆ ಪಡೆಯದವರು ಪ್ರಭುಭೋಜನ ಬಡಿಸುವುದನ್ನು ಎಷ್ಟೋ ಆಂಗ್ಲಿಕನ್ನರು ಒಪ್ಪುತ್ತಿರಲಿಲ್ಲ. ಉಳಿದ ಸಭೆಗಳಿಗೆ ಬಿಷಪ್ ಎಂಬ ಪದವಿಯ ಬಗ್ಗೆಯೇ ಅಳುಕು.

ಹಿರಿಯರು ಕಂಡುಕೊಂಡ ದಾರಿ ಹೀಗಿತ್ತು: ಈಗಿರುವ ಎಲ್ಲ ಸಭಾಪಾಲಕರನ್ನೂ ಇದ್ದ ಹಾಗೆಯೇ ಒಪ್ಪುವುದು, ಹೊಸಬರಿಗೆ ಬಿಷಪರಿಂದಲೇ ದೀಕ್ಷೆ, ಮೂವತ್ತು ವರ್ಷ ಕಳೆದ ಮೇಲೆ ಮತ್ತೆ ಕೂತು ತೀರ್ಮಾನಿಸುವುದು. ಜೊತೆಗೊಂದು ಭರವಸೆ ಕೊಟ್ಟರು. ರೂಢಿಯಲ್ಲಿಲ್ಲದ ಅಥವಾ ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ ಸೇವಕರನ್ನಾಗಲಿ ಯಾವ ಸಭೆಯ ಮೇಲೂ ಹೇರುವುದಿಲ್ಲ ಎಂದು. ಸಿ.ಎಸ್.ಐ. ಮಾಡಿದ ಕೆಲಸಗಳಲ್ಲಿ ಅತಿ ದೊಡ್ಡದು ಇದೇ ಎಂದು ನಾನು ನಂಬಿದ್ದೇನೆ.

ಈ ಮಾತಿನ ಬೆಲೆ ತಿಳಿಯಬೇಕಾದರೆ ಬಳ್ಳಾರಿಯಿಂದಾಚೆ, ರಾಯಲಸೀಮೆಯ ನಂದ್ಯಾಲದ ಕಡೆ ನೋಡಬೇಕು. ಅಲ್ಲಿನ ಬಹಳಷ್ಟು ಆಂಗ್ಲಿಕನ್ ಸಭೆಗಳು 1947ರಲ್ಲಿ ಒಕ್ಕೂಟಕ್ಕೆ ಬರಲೇ ಇಲ್ಲ. ಅವು ಸಿ.ಎಸ್.ಐ.ಗೆ ಸೇರಿದ್ದು 1970ರ ದಶಕದಲ್ಲಿ. 2013ರಲ್ಲಿ ಅದೇ ನಂದ್ಯಾಲ ಡಯಾಸಿಸ್‌ಗೆ ಪುಷ್ಪಲಲಿತಾ ಅವರು ಬಿಷಪ್ ಆದರು, ಸಿ.ಎಸ್.ಐ.ಯ ಮೊದಲ ಮಹಿಳಾ ಬಿಷಪ್ ಅವರು. ಕಾದದ್ದರಿಂದಲೇ ಇದು ಆಯಿತು ಎಂದು ವಾದಿಸಲಾರೆ. ಆದರೆ ಆ ಸಭೆಗಳನ್ನು ಬಲವಂತವಾಗಿ ಒಳಗೆಳೆದಿದ್ದರೆ ಆ ಗಾಯ ಇಂದಿಗೂ ಮಾಯುತ್ತಿರಲಿಲ್ಲ.

ಆರಾಧನೆಯಲ್ಲೂ ಹೀಗೆಯೇ. 1950ರಲ್ಲಿ ಬಂದ ಪ್ರಭುಭೋಜನದ ಹೊಸ ಕ್ರಮದಲ್ಲಿ ಸಭಾಪಾಲಕರು ಮೇಜಿನ ಹಿಂದೆ ಜನರಿಗೆ ಮುಖಮಾಡಿ ನಿಂತರು. ಕೈಯಿಂದ ಕೈಗೆ ಸಮಾಧಾನ ದಾಟಿಸುವ ಪದ್ಧತಿ ಕೇರಳದ ಸಿರಿಯನ್ ಕ್ರೈಸ್ತರಿಂದ ಬಂತು. ಹಳೆಯ ಕ್ರಮವನ್ನು ಯಾರೂ ನಿಷೇಧಿಸಲಿಲ್ಲ. ಹೊಸದು ತನ್ನ ಸತ್ವದಿಂದಲೇ ಹಬ್ಬಿತು.

ಆ ಭರವಸೆಯಲ್ಲೊಂದು ದೋಷವೂ ಇದೆ. ರೂಢಿಯನ್ನೂ ಮನಸ್ಸಾಕ್ಷಿಯನ್ನೂ ಅದು ಒಂದೇ ತಕ್ಕಡಿಗೆ ಹಾಕಿತು. ಇಂದು ನಮ್ಮ ಸಭೆಗಳಿಗೆ ಹೊಸ ಅಯ್ಯನವರು ವರ್ಗವಾಗಿ ಬಂದಾಗ ಆ ದೋಷ ಎದ್ದು ಕಾಣುತ್ತದೆ. ಮೊದಲ ಭಾನುವಾರ ಹಾರ ಹಾಕುತ್ತಾರೆ, ಕೇಕ್ ಕತ್ತರಿಸುತ್ತಾರೆ. ಮೂರನೆಯ ಭಾನುವಾರದ ಹೊತ್ತಿಗೆ ಅಂಗಳದಲ್ಲಿ ಗುಸುಗುಸು: ಪ್ರಸಂಗ ಉದ್ದವಾಯಿತು, ಹಳೆಯ ರಾಗ ಬಿಟ್ಟು ಕೀಬೋರ್ಡ್ ಹಾಡು ತಂದರು, ಒಂದೇ ಪಾತ್ರೆಯ ಬದಲು ಸಣ್ಣ ಲೋಟ ಇಟ್ಟರು, ಹಿಂದಿನ ಅಯ್ಯನವರು ಹೀಗೆ ಮಾಡುತ್ತಿರಲಿಲ್ಲ. ಇವೆಲ್ಲ ರೂಢಿಯ ಮಾತುಗಳು, ಆದರೆ ಹೊರಬರುವುದು ನಂಬಿಕೆಯ ಭಾಷೆಯಲ್ಲಿ. ದಶಕಗಳಿಂದಲೇ ಸಿ.ಎಸ್.ಐ.ಯಲ್ಲಿ ಮಹಿಳೆಯರಿಗೆ ದೀಕ್ಷೆ ಸಿಗುತ್ತಿದೆ. ಆದರೂ "ನಮ್ಮದು ದೊಡ್ಡ ಸಭೆ, ಗಂಡಸರನ್ನೇ ಕೊಡಿ" ಎಂದು ಕೇಳುವವರಿದ್ದಾರೆ. ಇದಕ್ಕೆ ಮನಸ್ಸಾಕ್ಷಿಯ ಹೆಸರು ಕೊಡುವುದು ಅನ್ಯಾಯ.

ಮೇಲಿನವರ ತಪ್ಪೇನೂ ಕಡಿಮೆಯಿಲ್ಲ. ವರ್ಗಾವಣೆಯ ಆದೇಶ ಬರುವವರೆಗೆ ಎಷ್ಟೋ ಸಭೆಗಳನ್ನು ಯಾರೂ ಮಾತಾಡಿಸುವುದಿಲ್ಲ. ಹೋಗುವವರು ಬರುವವರಿಗೆ ಕೀಲಿಕೈ, ಲೆಕ್ಕದ ಪುಸ್ತಕ, ದೀಕ್ಷಾಸ್ನಾನದ ರಿಜಿಸ್ಟರು ಒಪ್ಪಿಸುತ್ತಾರೆ. ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಯಾರು ಮುನಿಸಿಕೊಂಡು ದೇವಾಲಯಕ್ಕೆ ಬರುವುದನ್ನು ಬಿಟ್ಟಿದ್ದಾರೆ ಎಂಬುದನ್ನು ಹೇಳುವವರಿಲ್ಲ. 1947ರ ಹಿಂದೆ 1919ರಿಂದ ನಡೆದ ಮಾತುಕತೆಯಿತ್ತು. ಪಂಥಗಳು ಒಂದಾಗಲು ಅಷ್ಟು ವರ್ಷ ಕೂತು ಮಾತಾಡಿದವರ ಮಕ್ಕಳು ನಾವು. ಹಿಂದಿನ ಅಯ್ಯನವರು, ಹೊಸಬರು, ಸಭಾ ಸಮಿತಿ, ಸ್ತ್ರೀಯರ ಕೂಟ, ಯುವಜನರು ಒಂದು ಶನಿವಾರ ಮಧ್ಯಾಹ್ನ ಒಟ್ಟಿಗೆ ಕೂರುವುದಕ್ಕೆ ಯಾವ ಸಿನೊಡ್‌ನ ಅಪ್ಪಣೆಯೂ ಬೇಡ. ಮುಂದಿನ ವರ್ಗಾವಣೆಯ ಹೊತ್ತಿಗಾದರೂ ಇದು ಶುರುವಾಗಬೇಕು.