ವಿಕಿಪೀಡಿಯ: ಬಹುಕರ್ತೃಕ ಬರಹದ ಗುಣವಿಚಾರ

ವಿಶ್ವಕೋಶವೆಂಬುದು ಒಂದು ಭಾಷೆಯ ಜ್ಞಾನಸಂಪತ್ತಿನ ಲೆಕ್ಕಪತ್ರವಿದ್ದಂತೆ. ಆ ಭಾಷೆಯನ್ನಾಡುವ ಜನ ಲೋಕದ ಯಾವ ಯಾವ ವಿಷಯಗಳನ್ನು ತಮ್ಮದೇ ನುಡಿಯಲ್ಲಿ ಹೇಳಬಲ್ಲರು, ಎಷ್ಟು ಖಚಿತವಾಗಿ ಹೇಳಬಲ್ಲರು ಎಂಬುದು ಅದರ ಪುಟಗಳಿಂದ ತಿಳಿದುಬರುತ್ತದೆ. ಕನ್ನಡದಲ್ಲಿ ಈ ಪ್ರಕಾರಕ್ಕೆ ಗೌರವಾರ್ಹವಾದ ಪರಂಪರೆಯುಂಟು. ಶಿವರಾಮ ಕಾರಂತರು ಒಬ್ಬರೇ ನಿಂತು ‘ಬಾಲ ಪ್ರಪಂಚ’ವನ್ನೂ ಮುಂದೆ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ವಿದ್ವಾಂಸರನ್ನು ಕೂಡಿಸಿ ೧೯೬೯ರಿಂದ ಮೊದಲ್ಗೊಂಡು ‘ಕನ್ನಡ ವಿಶ್ವಕೋಶ’ದ ೧೪ ಸಂಪುಟಗಳನ್ನು ಹೊರತಂದಿತು. ಮೊದಲನೆಯದು ಏಕವ್ಯಕ್ತಿಯ ಸಾಹಸ. ಎರಡನೆಯದು ವಿದ್ವನ್ಮಂಡಲಿಯ ಸಾಧನೆ. ಎರಡರಲ್ಲಿಯೂ ಬರೆದವರು ಯಾರು, ಹೊಣೆ ಯಾರದು ಎಂಬುದು ಸ್ಪಷ್ಟವಾಗಿದೆ.

ಅಂತರ್ಜಾಲದಲ್ಲಿರುವ ವಿಕಿಪೀಡಿಯ ಇವೆರಡಕ್ಕೂ ಭಿನ್ನವಾದ ಮೂರನೆಯ ಮಾದರಿ. ಇಲ್ಲಿ ಯಾರು ಬೇಕಾದರೂ ಬರೆಯಬಹುದು. ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಬಹುದು. ಬರೆಯುವವರು ಸ್ವಯಂಸೇವಕರು, ಲೇಖನದ ಕೆಳಗೆ ಅವರ ಹೆಸರಿಲ್ಲ. ಕನ್ನಡದ ವಿಕಿಪೀಡಿಯ ೨೦೦೩ರಲ್ಲಿ ಆರಂಭವಾಯಿತು. ಇಂದು ಅದರಲ್ಲಿ ೩೦,೦೦೦ಕ್ಕೂ ಹೆಚ್ಚು ಲೇಖನಗಳಿವೆ. ಇದನ್ನು ಕುರಿತು ಎರಡು ಅತಿರೇಕದ ಅಭಿಪ್ರಾಯಗಳು ಪ್ರಚಲಿತವಾಗಿವೆ. ಯಾರೋ ಬರೆದುದಕ್ಕೆ ಬೆಲೆಯೇನು ಎಂದು ತಳ್ಳಿಹಾಕುವುದು ಒಂದು. ಸಾವಿರ ಕಣ್ಣು ನೋಡಿದ ಮೇಲೆ ತಪ್ಪು ಉಳಿಯಲಾರದು ಎಂದು ನಂಬುವುದು ಇನ್ನೊಂದು. ಇವೆರಡೂ ವಿಚಾರಕ್ಕೆ ನಿಲ್ಲುವುದಿಲ್ಲ. ಬಹುಜನ ಸೇರಿ ಬರೆದ ಲೇಖನಕ್ಕೆ ಗುಣವು ಎಲ್ಲಿಂದ ಬರುತ್ತದೆ ಎಂಬುದೇ ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ.

ಈ ಯೋಜನೆಯ ಹುಟ್ಟಿನಲ್ಲಿಯೇ ಒಂದು ಪಾಠವಿದೆ. ವಿಕಿಪೀಡಿಯಕ್ಕೆ ಮುಂಚೆ, ೨೦೦೦ದಲ್ಲಿ, ಅದರ ಸ್ಥಾಪಕರಾದ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ‘ನ್ಯೂಪೀಡಿಯ’ ಎಂಬ ಕೋಶವನ್ನು ತೊಡಗಿಸಿದ್ದರು. ಅಲ್ಲಿ ಪ್ರತಿಯೊಂದು ಲೇಖನವೂ ತಜ್ಞರ ಏಳು ಹಂತಗಳ ಪರೀಕ್ಷೆಯನ್ನು ದಾಟಬೇಕಿತ್ತು. ೨೦೦೩ರಲ್ಲಿ ಅದು ಮುಚ್ಚಿಹೋಗುವ ವೇಳೆಗೆ ಪೂರ್ಣಗೊಂಡ ಲೇಖನಗಳು ಸುಮಾರು ಎರಡು ಡಜನ್ ಮಾತ್ರ. ಇದಕ್ಕೆ ಪೂರಕವಾಗಿ ೨೦೦೧ರ ಜನವರಿ ೧೫ರಂದು ಆರಂಭವಾದ ವಿಕಿಪೀಡಿಯವಾದರೋ ಮೊದಲ ವರ್ಷದಲ್ಲಿಯೇ ಸಾವಿರಾರು ಲೇಖನಗಳನ್ನು ಪಡೆಯಿತು. ಹೊಸ್ತಿಲಲ್ಲಿ ಕಾವಲಿಟ್ಟ ಮನೆಗೆ ಜನ ಬರಲಿಲ್ಲ. ಬಾಗಿಲು ತೆರೆದಿಟ್ಟ ಮನೆ ತುಂಬಿತು. ಆದರೆ ತುಂಬಿದುದೆಲ್ಲವೂ ಸತ್ತ್ವಯುತವೇ ಎಂಬ ಪ್ರಶ್ನೆ ಉಳಿದೇ ಇತ್ತು.

ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಒಂದೇ ವರ್ಷದಲ್ಲಿ ದೊರೆತವು. ೨೦೦೫ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆ ವಿಜ್ಞಾನವಿಷಯಕವಾದ ೪೨ ಲೇಖನಗಳನ್ನು ಆರಿಸಿ, ವಿಕಿಪೀಡಿಯ ಮತ್ತು ಬ್ರಿಟಾನಿಕಗಳ ಪಾಠಗಳನ್ನು ತಜ್ಞರಿಂದ ಹೋಲಿಸಿ ನೋಡಿಸಿತು. ಗಂಭೀರವಾದ ದೋಷಗಳು ಎರಡರಲ್ಲಿಯೂ ನಾಲ್ಕು ನಾಲ್ಕು. ಸಣ್ಣಪುಟ್ಟ ದೋಷಗಳು ವಿಕಿಪೀಡಿಯದಲ್ಲಿ ೧೬೨, ಬ್ರಿಟಾನಿಕದಲ್ಲಿ ೧೨೩. ಬ್ರಿಟಾನಿಕದವರು ಈ ಪರೀಕ್ಷೆಯ ಕ್ರಮವನ್ನೇ ಆಕ್ಷೇಪಿಸಿದರು. ಸಂಖ್ಯೆಗಳಿಗಿಂತ ಸಾಹಿತ್ಯದ ವಿದ್ಯಾರ್ಥಿಗೆ ಮುಖ್ಯವಾದುದು ಪರೀಕ್ಷಕರಲ್ಲಿ ಕೆಲವರು ಆಡಿದ ಇನ್ನೊಂದು ಮಾತು: ವಿಕಿಪೀಡಿಯದ ಲೇಖನಗಳಲ್ಲಿ ವಿಷಯವಿದೆ, ಆದರೆ ಕಟ್ಟು ಸಡಿಲ. ಅದೇ ವರ್ಷ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಕುರಿತ ಲೇಖನದಲ್ಲಿ, ಕೆನಡಿಯವರ ಹತ್ಯೆಯೊಡನೆ ಅವರ ಹೆಸರನ್ನು ತಳಕುಹಾಕಿದ ಹಸಿಸುಳ್ಳೊಂದು ಸುಮಾರು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಸಂಗತಿ ಬಯಲಾಯಿತು. ಸಾವಿರ ಕಣ್ಣುಗಳಿರುವುದು ನಿಜ. ಆದರೆ ಆ ಕಣ್ಣುಗಳು ಆ ಪುಟದ ಮೇಲೆ ಬಿದ್ದಿರಬೇಕು. ಜನಪ್ರಿಯವಾದ ಪುಟದಲ್ಲಿ ನಿಮಿಷಗಳಲ್ಲಿ ಅಳಿಸಿಹೋಗುವ ಸುಳ್ಳು, ಯಾರೂ ತೆರೆಯದ ಪುಟದಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ.

ಹಾಗಾದರೆ ಕೈಗಳ ಸಂಖ್ಯೆಗೂ ಲೇಖನದ ಗುಣಕ್ಕೂ ಇರುವ ಸಂಬಂಧವೇನು? ೨೦೦೭ರಲ್ಲಿ ವಿಲ್ಕಿನ್ಸನ್ ಮತ್ತು ಹ್ಯೂಬರ್‌ಮನ್ ಎಂಬ ಸಂಶೋಧಕರು, ಉತ್ತಮವೆಂದು ಪರಿಗಣಿತವಾದ ಲೇಖನಗಳಿಗೆ ಹೆಚ್ಚು ತಿದ್ದುಪಡಿಗಳೂ ಹೆಚ್ಚು ಮಂದಿ ಸಂಪಾದಕರೂ ಇರುವುದನ್ನು ತೋರಿಸಿದರು. ಮರುವರ್ಷವೇ ಕಿಟ್ಟೂರ್ ಮತ್ತು ಕ್ರೌಟ್ ಎಂಬವರು ಈ ತೀರ್ಮಾನಕ್ಕೆ ಅಗತ್ಯವಾದ ಮಿತಿಯನ್ನು ಸೇರಿಸಿದರು. ಸಂಪಾದಕರ ಸಂಖ್ಯೆ ಹೆಚ್ಚಿದರೆ ಗುಣ ಹೆಚ್ಚುವುದು ಅವರಲ್ಲಿ ತಕ್ಕ ಹೊಂದಾಣಿಕೆ ಇದ್ದಾಗ ಮಾತ್ರ. ಇಲ್ಲದಿದ್ದರೆ ಹೆಚ್ಚಿದ ಕೈಗಳೇ ಕೇಡಿಗೆ ಕಾರಣವಾಗುತ್ತವೆ. ಹಲವರು ಸೇರಿದಾಗ ಬರಿಯ ಚರ್ಚೆಯಿಂದ ಆಗುವ ಪ್ರಯೋಜನಕ್ಕಿಂತ, ಕೆಲವರು ಲೇಖನದ ಬಹುಪಾಲು ಭಾರವನ್ನು ಹೊತ್ತು ಉಳಿದವರು ನೆರವಾಗುವುದರಿಂದ ಆಗುವ ಪ್ರಯೋಜನವೇ ದೊಡ್ಡದು. ಲೇಖನವು ಇನ್ನೂ ರೂಪುಗೊಳ್ಳುತ್ತಿರುವ ಹಂತದಲ್ಲಿ ಇಂತಹ ಹೊಂದಾಣಿಕೆಯ ಫಲ ಅಧಿಕ. ಊರೆಲ್ಲ ಸೇರಿ ತೇರೆಳೆದರೂ ಗಾಲಿಗೆ ಸನ್ನೆ ಕೊಡುವವರು ಬೆರಳೆಣಿಕೆಯ ಮಂದಿ. ಅವರಿಲ್ಲದೆ ತೇರು ದಾರಿಯಲ್ಲಿ ನಿಲ್ಲದು.

ಬಹುಕರ್ತೃಕ ಬರಹ ಕನ್ನಡಕ್ಕೆ ಅಪರಿಚಿತವೇನಲ್ಲ. ‘ಶೂನ್ಯಸಂಪಾದನೆ’ಯು ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣನವರೆಗೆ ಹಲವು ಸಂಪಾದಕರ ಕೈಯಲ್ಲಿ ಪರಿಷ್ಕಾರ ಪಡೆಯಿತು. ಒಬ್ಬನು ಕಟ್ಟಿದುದನ್ನು ಇನ್ನೊಬ್ಬನು ಸೇರಿಸಿ, ಕಳೆದು, ಮರುಜೋಡಿಸಿದನು. ಆದರೆ ಹಾಗೆ ಮಾಡಿದವರಲ್ಲಿ ಪ್ರತಿಯೊಬ್ಬನೂ ಇಡೀ ಗ್ರಂಥವನ್ನು ಮನಸ್ಸಿನಲ್ಲಿ ಧರಿಸಿದ್ದನು. ಯಾವ ಸಂಪಾದನೆ ಯಾರದು, ಎಲ್ಲಿ ಏನು ಬದಲಾಯಿತು ಎಂಬುದನ್ನು ನಮ್ಮ ವಿದ್ವಾಂಸರು ಹೋಲಿಸಿ ನೋಡಲು ಸಾಧ್ಯವಾದುದು ಆ ಪಾಠಗಳು ಉಳಿದುಬಂದುದರಿಂದಲೇ. ವಿಕಿಪೀಡಿಯದ ಪ್ರತಿಯೊಂದು ಪುಟಕ್ಕೂ ‘ಇತಿಹಾಸ’ವೆಂಬ ಭಾಗವಿದ್ದು, ಅದರಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ಸಹಿತ ದಾಖಲಾಗಿರುತ್ತದೆ. ಪಾಠಾಂತರಗಳ ಅಭ್ಯಾಸವುಳ್ಳ ಸಾಹಿತ್ಯದ ವಿದ್ಯಾರ್ಥಿ ಓದಲೇಬೇಕಾದ ಭಾಗವಿದು. ಲೇಖನ ಒಬ್ಬನೇ ಒಂದೇ ದಿನ ಸುರಿದುದೋ, ಹಲವರು ಕಾಲಕ್ರಮದಲ್ಲಿ ಮಥಿಸಿದುದೋ ಎಂಬುದು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ.

ದೊಡ್ಡ ಭಾಷೆಗಳ ಕೋಶಕ್ಕೆ ಇರುವ ಅಪಾಯ ಕಲಹ. ಚಿಕ್ಕ ಸಮುದಾಯಗಳ ಕೋಶಕ್ಕೆ ಇರುವ ಅಪಾಯ ಮೌನ. ಇದಕ್ಕೆ ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯ ಕಣ್ಣೆದುರಿನ ನಿದರ್ಶನ. ಆ ನುಡಿಯನ್ನು ಬಲ್ಲವನಲ್ಲದ ಒಬ್ಬ ಸ್ವಯಂಸೇವಕನು ಹಲವು ವರ್ಷಗಳ ಕಾಲ ಇಂಗ್ಲಿಷ್ ವಾಕ್ಯಗಳಲ್ಲಿ ಕೋಶದಿಂದ ಹುಡುಕಿದ ಪದಗಳನ್ನು ತುಂಬಿ ೨೦,೦೦೦ಕ್ಕೂ ಹೆಚ್ಚು ಲೇಖನಗಳನ್ನು ರಚಿಸಿದ್ದನೆಂಬುದು ೨೦೨೦ರ ಆಗಸ್ಟಿನಲ್ಲಿ ಲೋಕಕ್ಕೆ ತಿಳಿಯಿತು. ಅವನಲ್ಲಿ ದುರುದ್ದೇಶವಿರಲಿಲ್ಲ, ಶ್ರಮಕ್ಕೂ ಕೊರತೆಯಿರಲಿಲ್ಲ. ಕೊರತೆಯಾದುದು ‘ಇದು ನಮ್ಮ ನುಡಿಯಲ್ಲ’ ಎಂದು ಹೇಳುವ ಓದುಗರದು. ಸ್ಕಾಟ್ಸ್ ಬಲ್ಲವರು ತಮ್ಮ ಕೋಶವನ್ನು ತೆರೆದು ನೋಡಿದ್ದರೆ ಮೊದಲ ಹತ್ತು ಲೇಖನಗಳಲ್ಲಿಯೇ ಅದು ನಿಲ್ಲುತ್ತಿತ್ತು.

ಕನ್ನಡಕ್ಕೂ ಇಂತಹ ಪ್ರಸಂಗ ಬೇರೆ ರೂಪದಲ್ಲಿ ಒದಗಿತು. ೨೦೦೯ರಿಂದ ೨೦೧೧ರವರೆಗೆ ಗೂಗಲ್ ಸಂಸ್ಥೆಯು ಕನ್ನಡ, ತಮಿಳು, ತೆಲುಗು, ಹಿಂದಿ ಮೊದಲಾದ ಭಾಷೆಗಳಿಗೆ ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ಯಂತ್ರಸಾಧನದ ನೆರವಿನಿಂದ, ಸಂಭಾವನೆ ಪಡೆದ ಭಾಷಾಂತರಕಾರರ ಮೂಲಕ ಅನುವಾದಿಸಿತು. ಲೇಖನಗಳು ದೀರ್ಘವಾಗಿದ್ದವು, ಅಡಿಟಿಪ್ಪಣಿಗಳಿಂದ ತುಂಬಿದ್ದವು. ಬಂಗಾಳಿಯ ಸಮುದಾಯ ಇಂತಹವನ್ನು ಒಪ್ಪಲಿಲ್ಲ. ತಮಿಳಿನ ಸಮುದಾಯ ೨೦೧೦ರಲ್ಲಿ ದೋಷಗಳನ್ನು ಎತ್ತಿ ತೋರಿಸಿ, ಸಮುದಾಯದೊಡನೆ ಮಾತನಾಡಿ ಕೆಲಸಮಾಡಬೇಕೆಂದು ಒತ್ತಾಯಿಸಿತು. ಭಾಷಾಂತರಕಾರರು ಕೆಲಸ ಮುಗಿಸಿ ಹೊರಟುಹೋದರು; ಲೇಖನಗಳು ವಾರಸುದಾರರಿಲ್ಲದೆ ಉಳಿದವು.

ಇಂತಹ ಅನುವಾದಗಳ ಗದ್ಯವನ್ನು ಸ್ವಲ್ಪ ನಿಂತು ನೋಡಬೇಕು. ‘ಅವನಿಗೆ ಇಬ್ಬರು ಮಕ್ಕಳು’ ಎನ್ನುವಲ್ಲಿ ‘ಅವನು ಇಬ್ಬರು ಮಕ್ಕಳನ್ನು ಹೊಂದಿದ್ದನು’ ಎಂಬ ಪ್ರಯೋಗ. ‘ಊರಿನವರು ಕೆರೆ ಕಟ್ಟಿಸಿದರು’ ಎನ್ನುವಲ್ಲಿ ‘ಕೆರೆಯು ಊರಿನವರಿಂದ ನಿರ್ಮಿಸಲ್ಪಟ್ಟಿತು’ ಎಂಬ ಪ್ರಯೋಗ. ಒಂದು ಕ್ರಿಯಾಪದ ಬರುವವರೆಗೆ ನಾಲ್ಕು ಸಾಲು ಕಾಯಿಸುವ ವಿಶೇಷಣಗಳ ಸರಮಾಲೆ. ವ್ಯಾಕರಣದ ಲೆಕ್ಕದಲ್ಲಿ ಇವು ತಪ್ಪಲ್ಲದಿರಬಹುದು; ಆದರೆ ಕನ್ನಡದ ಜಾಯಮಾನಕ್ಕೆ ಇವು ಹೊರತು. ಸಂಗತಿ ಸರಿಯಿದ್ದೂ ಓದುಗನಿಗೆ ಅರ್ಥ ಮುಟ್ಟದಿದ್ದರೆ ಆ ಲೇಖನ ಗುಣಯುತವೆನ್ನಲು ಬರುವುದಿಲ್ಲ. ವಿಶ್ವಕೋಶದ ಮೌಲ್ಯವನ್ನು ಲೇಖನಗಳ ಸಂಖ್ಯೆಯಿಂದ ಅಳೆಯುವ ರೂಢಿಯೇ ಈ ಗದ್ಯವನ್ನು ಪೋಷಿಸಿದೆ.

ವಿದ್ಯಾರ್ಥಿಗಳನ್ನು ಗುಂಪಾಗಿ ಬರವಣಿಗೆಗೆ ಹಚ್ಚಿದರೆ ಈ ಕೊರತೆ ನೀಗುವುದೆಂಬ ಭಾವನೆಯೂ ಪರೀಕ್ಷೆಗೆ ಒಳಗಾಗಿದೆ. ೨೦೧೧ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕಾಗಿ ನಡೆಸಿದ ಇಂತಹ ಪ್ರಯೋಗವು, ಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ನೇರವಾಗಿ ನಕಲು ಮಾಡಿದ ಬರಹಗಳು ಹೆಚ್ಚಾದುದರಿಂದ ಅದೇ ವರ್ಷ ನಿಂತುಹೋಯಿತು. ಅಂಕಕ್ಕಾಗಿ ಬರೆದವನು ಅಂಕ ಬಂದ ಮೇಲೆ ಆ ಪುಟದತ್ತ ತಿರುಗಿ ನೋಡುವುದಿಲ್ಲ. ತಿರುಗಿ ನೋಡುವವನೇ ನಿಜವಾದ ಸಹಸಂಪಾದಕ.

ಇಷ್ಟನ್ನು ಹೇಳಿದ ಮೇಲೆ, ಕನ್ನಡದಲ್ಲಿ ವರ್ಷಗಟ್ಟಲೆ ಪ್ರತಿಫಲಾಪೇಕ್ಷೆಯಿಲ್ಲದೆ ದುಡಿದಿರುವ ಸ್ವಯಂಸೇವಕರ ಸೇವೆಯನ್ನು ಸ್ಮರಿಸದಿರುವುದು ಅನ್ಯಾಯವಾದೀತು. ಆ ಕೋಶದ ಚರ್ಚಾಸ್ಥಳಕ್ಕೆ ಅವರು ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿರುವುದರಲ್ಲಿಯೇ ಅವರ ನುಡಿಪ್ರಜ್ಞೆ ವ್ಯಕ್ತವಾಗುತ್ತದೆ. ‘ಕನ್ನಡ ವಿಶ್ವಕೋಶ’ದ ಸಂಪುಟಗಳನ್ನು ಮರುಬಳಕೆಗೆ ಮುಕ್ತವಾದ ಪರವಾನಗಿಯಲ್ಲಿ ಒದಗಿಸುವ ಕಾರ್ಯವೂ ೨೦೧೪ರಲ್ಲಿ ಆರಂಭವಾಗಿ, ವಿದ್ವನ್ಮಂಡಲಿಯ ಹಳೆಯ ಮಾದರಿಗೂ ಬಹುಜನರ ಹೊಸ ಮಾದರಿಗೂ ಸೇತುವೆ ಬಿದ್ದಿದೆ. ಆದರೆ ದಶಕಗಳ ಹಿಂದಿನ ಲೇಖನವನ್ನು ಹಾಗೆಯೇ ತಂದಿರಿಸಿದರೆ ಸಾಲದು. ಅಂದಿನಿಂದೀಚಿನ ಸಂಶೋಧನೆಯನ್ನು ಅದಕ್ಕೆ ಕೂಡಿಸಬೇಕು.

ಅದನ್ನು ಕೂಡಿಸಬೇಕಾದವರು ಯಾರು? ವಿಷಯ ಬಲ್ಲವರೇ. ವಚನಕಾರರೊಬ್ಬರ ಕುರಿತ ಲೇಖನದಲ್ಲಿ ಅಂಕಿತ ತಪ್ಪಾಗಿದ್ದರೆ, ಇನ್ನೊಬ್ಬರ ವಚನ ಇವರ ಹೆಸರಿಗೆ ಸೇರಿದ್ದರೆ, ‘ಸಮಗ್ರ ವಚನ ಸಂಪುಟ’ದ ಸಂಪುಟಸಂಖ್ಯೆ, ವಚನಸಂಖ್ಯೆಗಳನ್ನು ನಮೂದಿಸಿ ತಿದ್ದಲು ಸ್ನಾತಕೋತ್ತರ ವಿದ್ಯಾರ್ಥಿಗೆ ಅರ್ಧ ಗಂಟೆ ಸಾಕು. ಸ್ವಂತ ಸಂಶೋಧನೆಗೆ ಅಲ್ಲಿ ಎಡೆಯಿಲ್ಲ, ಹೇಳಿದ ಮಾತಿಗೆ ಪ್ರಕಟಿತ ಆಧಾರವಿರಬೇಕು, ಪಕ್ಷಪಾತ ಕೂಡದು ಎಂಬ ಆ ಕೋಶದ ಮೂರು ನಿಯಮಗಳು ವಿದ್ವತ್ತಿನ ಸಾಮಾನ್ಯ ಶಿಸ್ತಿಗೆ ವಿರುದ್ಧವಾದುವಲ್ಲ. ಈ ಕೆಲಸವನ್ನು ಇಂದು ಮುಂದೂಡುವಂತಿಲ್ಲ. ವಿಕಿಪೀಡಿಯದ ಬರಹವನ್ನು ಓದಿಯೇ ಯಂತ್ರಗಳು ಭಾಷೆಯನ್ನು ಕಲಿಯುತ್ತಿರುವ ಕಾಲವಿದು. ಕನ್ನಡದಂತೆ ಜಾಲದಲ್ಲಿ ಬರಹ ಕಡಿಮೆಯಿರುವ ನುಡಿಯಲ್ಲಿ ಒಂದು ಕೆಟ್ಟ ಲೇಖನದ ವಾಕ್ಯಗಳೂ ತಪ್ಪುಗಳೂ ಸಾವಿರ ಬಾಯಿಗಳಿಂದ ಮರುದನಿಗೊಳ್ಳಬಲ್ಲವು.

ಬಹುಜನ ಸೇರಿ ಬರೆದ ಕೋಶಕ್ಕೆ ಕರ್ತೃವಿನ ಹೆಸರಿಲ್ಲದಿರುವುದು ದೋಷವಲ್ಲ. ಹೊಣೆ ಹೊರುವವರಿಲ್ಲದಿರುವುದು ದೋಷ. ಆ ಹೊಣೆ ಬರೆದವರದಷ್ಟೇ ಅಲ್ಲ, ತಪ್ಪನ್ನು ಕಂಡೂ ಪುಟ ಮುಚ್ಚಿದ ಓದುಗರದೂ ಹೌದು. ಕನ್ನಡ ಬಲ್ಲವರು ತಿದ್ದುವ ಕೈಗಳಾದಷ್ಟು ಮಟ್ಟಿಗೆ ಮಾತ್ರ ಅದು ಕನ್ನಡದ ವಿಶ್ವಕೋಶವಾದೀತು.